ಕೊನೆಯ ಸ್ಥಾನದ ವಾರ್ಡು

ಅತ್ತೆಗೆ ಹೋಗಬೇಕಾದ ನೋಟೀಸನ್ನು ಸೊಸೆಯೇ ಟೈಪ್ ಮಾಡಿದ್ದಳು. ಬೇರೆ ದಾರಿ ಇರಲಿಲ್ಲ. ನಗರಸಭೆಯ ಆರೋಗ್ಯ ವಿಭಾಗದಲ್ಲಿ ಇದ್ದದ್ದೇ ಒಂದು ಕಂಪ್ಯೂಟರ್, ಅದರ ಮುಂದೆ ಕೂರುವವಳೂ ಅವಳೊಬ್ಬಳೇ.

‘ಆರನೇ ವಾರ್ಡಿನ ಮೇಸ್ತ್ರಿಯಾದ ತಾವು ಕಸ ಸಂಗ್ರಹಣೆಯಲ್ಲಿ ಸತತ ಮೂರನೇ ತಿಂಗಳೂ ಕೊನೆಯ ಸ್ಥಾನದಲ್ಲಿದ್ದು, ಈ ಬಗ್ಗೆ ಏಳು ದಿನಗಳೊಳಗೆ ಲಿಖಿತ ವಿವರಣೆ ನೀಡತಕ್ಕದ್ದು.’ ಇಷ್ಟು ಬರೆಯುವಷ್ಟರಲ್ಲಿ ಅವಳ ಬೆರಳು ನಾಲ್ಕು ಸಲ ತಪ್ಪು ಅಕ್ಷರದ ಮೇಲೆ ಬಿತ್ತು. ಅತ್ತೆಯ ಮುಂದೆ ‘ನೀಡತಕ್ಕದ್ದು’ ಎಂಬ ದನಿಯಲ್ಲಿ ಮಾತಾಡಿದವರನ್ನು ಅವಳು ಈವರೆಗೆ ಕಂಡಿರಲಿಲ್ಲ.

ಆಯುಕ್ತರ ಸಹಿಯಾದ ಮೇಲೆ ಜವಾನ ಆ ಲಕೋಟೆಯನ್ನು ತಂದು ಮತ್ತೆ ಅವಳ ಮೇಜಿನ ಮೇಲೇ ಇಟ್ಟ.

“ಇದನ್ನ ನೀವು ತಾನೇ ಕೊಟ್ಟು ಬರ್ಬೇಕು?” ಎಂದಳು.

“ಅಮ್ಮಾವ್ರೇ, ಸಂಜೆ ನೀವು ಹೋಗೋದೂ ಅದೇ ಮನೆಗೆ. ನಾನ್ಯಾಕೆ ಸುಮ್ನೆ ಸೈಕಲ್ ತುಳೀಲಿ? ಅದೂ ಅಲ್ದೆ...” ಅವನು ದನಿ ತಗ್ಗಿಸಿದ. “ದೊಡ್ಡಮ್ಮನ ಕೈಗೆ ಇದನ್ನ ಕೊಟ್ಟು, ಆಮೇಲೆ ನಾನು ಆ ವಾರ್ಡಲ್ಲಿ ತಲೆ ಎತ್ಕೊಂಡು ಓಡಾಡ್ಬೇಕಾ ಬೇಡ್ವಾ?”

ಆರನೇ ವಾರ್ಡಿನಲ್ಲಿ ಅತ್ತೆಗೆ ದೊಡ್ಡಮ್ಮ ಎಂದೇ ಹೆಸರು. ಇಪ್ಪತ್ತಾರು ವರ್ಷಗಳ ಹಿಂದೆ ಪೊರಕೆ ಹಿಡಿದು ಅದೇ ಬೀದಿಗಳಿಗೆ ಬಂದವಳು, ಈಗ ಹದಿನಾಲ್ಕು ಪೌರಕಾರ್ಮಿಕರ ಮೇಸ್ತ್ರಿ. ಸೊಸೆ ಪರೀಕ್ಷೆ ಬರೆದು ನಗರಸಭೆಯ ಕೆಲಸ ಹಿಡಿದಾಗ ಆ ಸುದ್ದಿಯನ್ನು ಕಸದ ಗಾಡಿಯ ಜೊತೆ ಮನೆಮನೆಗೂ ತಲುಪಿಸಿದ್ದವಳೂ ಅವಳೇ. “ನನ್ ಸೊಸೆ ಕಂಪ್ಯೂಟರ್ ಮುಂದೆ ಕೂತಿದಾಳೆ, ಇನ್ಮೇಲೆ ಇಡೀ ಊರಿನ ಲೆಕ್ಕ ಅವಳ ಬೆರಳ ತುದೀಲಿ” ಎಂದು ಬೀಗಿದ್ದಳು.

ಆ ಲೆಕ್ಕವೇ ಈಗ ಕುತ್ತಿಗೆಗೆ ಬಂದಿತ್ತು. ವರ್ಷದ ಮೊದಲಲ್ಲಿ ಬಂದ ಹೊಸ ಆಯುಕ್ತರು ಅಂಕಿಯಿಲ್ಲದ ಮಾತನ್ನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಯಾವ ವಾರ್ಡು ಚೆನ್ನಾಗಿ ಕೆಲಸ ಮಾಡುತ್ತಿದೆ, ಯಾವುದು ನಿದ್ದೆ ಹೊಡೆಯುತ್ತಿದೆ ಎಂದು ಎಲ್ಲರಿಗೂ ಕಾಣಬೇಕೆಂದು ಮೆಟ್ಟಿಲ ಪಕ್ಕದಲ್ಲಿ ಒಂದು ದೊಡ್ಡ ಬಿಳಿ ಬೋರ್ಡು ಹಾಕಿಸಿದ್ದರು. ಊರಾಚೆಯ ಅಂಗಳದಲ್ಲಿ ಪ್ರತಿ ಕಸದ ಲಾರಿಯ ತೂಕವಾಗುತ್ತಿತ್ತು. ತೂಕದ ಚೀಟಿಗಳು ಸೊಸೆಯ ಮೇಜಿಗೆ ಬರುತ್ತಿದ್ದವು. ತಿಂಗಳ ಕೊನೆಗೆ ಒಂಬತ್ತು ವಾರ್ಡುಗಳ ಮೊತ್ತ ತೆಗೆದು, ಮೊದಲನೆಯದಕ್ಕೆ ಹಸಿರು ಗೆರೆ, ಕೊನೆಯದಕ್ಕೆ ಕೆಂಪು ಗೆರೆ ಎಳೆಯುವುದು ಅವಳ ಕೆಲಸ. ಮೊದಲ ತಿಂಗಳು ಕೆಂಪು ಬಿದ್ದಾಗ ಅತ್ತೆ, “ಯಾರಾದ್ರೂ ಒಬ್ರು ಕೊನೇಲಿ ಇರ್ಲೇಬೇಕಲ್ಲಮ್ಮ” ಎಂದು ನಕ್ಕಿದ್ದಳು. ಎರಡನೆಯ ತಿಂಗಳು ನಗಲಿಲ್ಲ.

ಆ ಸಂಜೆ ಸೊಸೆ ಮನೆಗೆ ಬಂದಾಗ ಅವಳ ಗಂಡ ಆಗಲೇ ಬಂದಿದ್ದ. ಅವನು ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವನು. ಮೈಯಿಡೀ ಹಿಟ್ಟು, ಕೈಯಲ್ಲಿ ಅರ್ಧ ತಿಂದ ಬನ್ನು. ಅತ್ತೆ ಕನ್ನಡಕ ಏರಿಸಿಕೊಂಡು ನೋಟೀಸನ್ನು ಜೋರಾಗಿಯೇ ಓದಿದಳು. ಕೊನೆಯ ಪದಕ್ಕೆ ಬಂದು ನಿಂತಳು.

“ನೀಡತಕ್ಕದ್ದು,” ಎಂದು ಇನ್ನೊಮ್ಮೆ ಓದಿದಳು. “ಯಾರು ಬರೆದದ್ದು ಇದು?”

“ಆಯುಕ್ತರು, ಅತ್ತೆ.”

“ಸಹಿ ಅವರ್ದು. ಅಕ್ಷರ ಯಾರ್ದು?”

“...ನಂದೇ.”

“ಒಂದೂ ತಪ್ಪಿಲ್ದೆ ಬರ್ದಿದೀಯ,” ಎಂದು ಅತ್ತೆ ಕಾಗದವನ್ನು ಮಡಿಸಿ ಸಕ್ಕರೆ ಡಬ್ಬಿಯ ಕೆಳಗಿಟ್ಟಳು. ಗಂಡನಿಗೆ ನಗು ತಡೆಯಲಾಗಲಿಲ್ಲ.

“ನಗ್ತೀಯೇನೋ?”

“ಇಲ್ಲಮ್ಮ, ಬನ್ನು ಗಂಟಲಿಗೆ ಸಿಕ್ತು.”

ಮುಂದಿನ ಎರಡು ದಿನ ಅತ್ತೆ ಸೊಸೆಯೊಡನೆ ನೇರವಾಗಿ ಮಾತಾಡಲಿಲ್ಲ. ಎಲ್ಲವೂ ಮಗನ ಮೂಲಕ. “ನಿಮ್ಮ ಆಫೀಸರಮ್ಮಂಗೆ ಹೇಳಪ್ಪ, ಸ್ನಾನಕ್ಕೆ ನೀರು ಬಿಸಿಯಾಗಿದೆ.” ಮೂವರು ಒಟ್ಟಿಗೆ ನಿಂತರೆ ಬಾಗಿಲು ಹಾಕಲಾಗದಂಥ ಅಡುಗೆಮನೆಯಲ್ಲಿ, ಮೊಳದ ದೂರದಲ್ಲಿ ನಿಂತಿದ್ದ ಹೆಂಡತಿಗೆ ಅವನು ತಿರುಗಿ, “ನೀರು ಬಿಸಿಯಾಗಿದೆಯಂತೆ” ಎನ್ನುತ್ತಿದ್ದ. “ಥ್ಯಾಂಕ್ಸ್ ಹೇಳ್ರೀ” ಎಂದು ಅವಳು. “ಥ್ಯಾಂಕ್ಸ್ ಅಂತಮ್ಮ” ಎಂದು ಅವನು. ಮೂರನೆಯ ದಿನ ಅವನೇ ಕೈಮುಗಿದುಬಿಟ್ಟ. “ನಾನು ರೊಟ್ಟಿ ಸುಡೋನು ಕಣಮ್ಮ, ಟಪಾಲಿನವನಲ್ಲ. ನೀವಿಬ್ರೇ ಮಾತಾಡ್ಕೊಳ್ಳಿ.”

ಸೊಸೆ ಧೈರ್ಯ ಮಾಡಿ ಕೇಳಿದಳು, “ಅತ್ತೆ, ವಿವರಣೆ ಏನಂತ ಬರೀಲಿ? ನೀವು ಹೇಳಿ, ನಾನು ಬರೀತೀನಿ.”

“ಬರೆಯೋಕೇನಿದೆ? ನೋಡೋಕಿದೆ. ನಾಳೆ ಐದೂವರೆಗೆ ನನ್ ಜೊತೆ ಬಾ. ಚಪ್ಪಲಿ ಬೇಡ, ಬೂಟು ಹಾಕ್ಕೋ.”

ಮರುದಿನ ಬೆಳಿಗ್ಗೆ ಸೊಸೆ ಆರನೇ ವಾರ್ಡನ್ನು ಮೊದಲ ಸಲ ಕಾಲ್ನಡಿಗೆಯಲ್ಲಿ ನೋಡಿದಳು. ಅವರ ಮನೆಯಿದ್ದದ್ದು ಬೇರೆ ವಾರ್ಡಿನಲ್ಲಿ. ಅಲ್ಲಿಯವರೆಗೆ ಅವಳ ಪಾಲಿಗೆ ಅದು ಕೋಷ್ಟಕದ ಆರನೆಯ ಸಾಲು ಅಷ್ಟೇ. ಕಾಂಪೌಂಡ್ ಗೋಡೆಗಳ ಮೇಲೆ ಎರಡೆರಡು ಬಕೆಟ್, ಒಂದು ಹಸಿ ಕಸಕ್ಕೆ, ಇನ್ನೊಂದು ಒಣ ಕಸಕ್ಕೆ. ಶಾಲೆಯ ಹಿಂದೆ ಇಟ್ಟಿಗೆ ಕಟ್ಟಿದ ಮೂರು ಗುಂಡಿಗಳಿದ್ದವು. ಸುತ್ತಲಿನ ನಲವತ್ತು ಮನೆಗಳ ತರಕಾರಿ ಸಿಪ್ಪೆ, ಒಣಗಿದ ಎಲೆ ಎಲ್ಲ ಅಲ್ಲೇ ಗೊಬ್ಬರವಾಗುತ್ತಿತ್ತು. ಕಾಗದ, ಬಾಟಲಿ, ಡಬ್ಬಗಳನ್ನು ಗುಜರಿಯವನು ವಾರಕ್ಕೆರಡು ಸಲ ಬಂದು ಒಯ್ಯುತ್ತಿದ್ದ. ದಾರಿಯುದ್ದಕ್ಕೂ ಜನ ಅತ್ತೆಯನ್ನು ತಡೆದು ನಿಲ್ಲಿಸುತ್ತಿದ್ದರು. ಒಬ್ಬ ಅಜ್ಜಿ ತನ್ನ ಬಕೆಟ್‌ನಿಂದ ಮುರಿದ ಗಾಜಿನ ಲೋಟವನ್ನು ಕಾಗದದಲ್ಲಿ ಸುತ್ತಿ ಬೇರೆಯಾಗಿ ಕೊಟ್ಟು, “ನಿಮ್ಮ ಹುಡುಗೀರ ಕೈ ಕುಯ್ದೀತು ದೊಡ್ಡಮ್ಮ” ಎಂದಳು.

ಎಂಟು ಗಂಟೆಗೆ ಲಾರಿ ಹೊರಟಾಗ ಸೊಸೆ ಹಿಂದಿನಿಂದ ಇಣುಕಿ ನೋಡಿದಳು. ಅರ್ಧವೂ ತುಂಬಿರಲಿಲ್ಲ.

“ಇಷ್ಟೇನಾ, ಅತ್ತೆ?”

“ಇಷ್ಟೇ. ಹನ್ನೆರಡು ವರ್ಷ ಮನೆಮನೆ ಬಾಗ್ಲು ತಟ್ಟಿ, ಬೈಸ್ಕೊಂಡು, ಕಾಡಿಬೇಡಿ ಇಷ್ಟಕ್ಕೆ ಇಳಿಸಿದೀನಿ. ಅದಕ್ಕೇ ನೀವು ಕೆಂಪು ಗೆರೆ ಎಳ್ದಿರೋದು.”

ಅತ್ತೆ ಅವಳನ್ನು ಅದೇ ಲಾರಿಯಲ್ಲಿ ಕೂರಿಸಿಕೊಂಡು ತೂಕದ ಅಂಗಳಕ್ಕೆ ಕರೆದೊಯ್ದಳು. ಮುಂದೆ ನಿಂತಿದ್ದದ್ದು ಎರಡನೇ ವಾರ್ಡಿನ ಲಾರಿ. ಆ ವಾರ್ಡಿನ ಮೇಸ್ತ್ರಿಯನ್ನು ಎಲ್ಲರೂ ಪೈಲ್ವಾನ ಎನ್ನುತ್ತಿದ್ದರು. ಮೂರು ತಿಂಗಳಿಂದ ಹಸಿರು ಗೆರೆ ಅವನದೇ. ತೂಕವಾಗಿ ಲಾರಿಯ ಹಿಂಬದಿ ಎತ್ತಿ ಸುರಿದಾಗ ಕಸದ ಜೊತೆ ಧೊಪ್ಪೆಂದು ಬಿದ್ದದ್ದು ಚರಂಡಿಯ ಹಸಿ ಮಣ್ಣು, ಒಡೆದ ಇಟ್ಟಿಗೆ, ಯಾರದೋ ಮನೆ ಕೆಡವಿದ ಗಾರೆ.

ಸೊಸೆ ನೋಡುತ್ತಿರುವುದನ್ನು ಕಂಡು ಪೈಲ್ವಾನ ಮೊದಲು ಮೀಸೆ ಸವರಿಕೊಂಡ, ಆಮೇಲೆ ತಲೆ ಕೆರೆದುಕೊಂಡ.

“ಏನ್ ಮಾಡ್ಲಮ್ಮ? ಅವರು ತೂಕ ಕೇಳಿದ್ರು, ನಾನು ತೂಕ ಕೊಟ್ಟೆ. ಬೀದಿ ಹೇಗಿದೆ ಅಂತ ಯಾರಾದ್ರೂ ಕೇಳಿದ್ರಾ?”

ಹಿಂದಿರುಗುವಾಗ ಸೊಸೆಗೆ ನಗುವೂ ಬರುತ್ತಿತ್ತು, ಅಳುವೂ ಬರುತ್ತಿತ್ತು. ಚೀಟಿಗಳ ಒಂದೊಂದು ಅಂಕಿಯೂ ಸರಿ, ಕೂಡಿಸಿದ್ದೂ ಸರಿ. ಆದರೆ ಕಡಿಮೆ ಕಸ ಹುಟ್ಟಿಸಿದವರಿಗೆ ನೋಟೀಸು, ಮಣ್ಣು ತುಂಬಿದವನಿಗೆ ಚಪ್ಪಾಳೆ. ಊರಿಗೆ ಬೇಕಾದದ್ದು ಕಸದ ತೂಕವಲ್ಲ, ಚೊಕ್ಕಟವಾದ ಬೀದಿ. ಅದನ್ನು ಎಣಿಸುವುದು ಹೇಗೆ?

ಎರಡು ದಿನ ಅವಳು ಊರಿನ ನಕ್ಷೆ ಹರಡಿಕೊಂಡು ಕೂತಳು. ಕೌಂಟರಿನಲ್ಲಿದ್ದ ದೂರಿನ ಪುಸ್ತಕ ತೆಗೆದು, ಜನ ಯಾವ ಮೂಲೆಯಲ್ಲಿ ಕಸ ಬಿದ್ದಿದೆಯೆಂದು ಬರೆದಿದ್ದರೋ ಆ ಮೂಲೆಗಳಿಗೆಲ್ಲ ಚುಕ್ಕೆ ಇಟ್ಟಳು. ಒಟ್ಟು ನೂರಾ ಹದಿನೇಳು ಮೂಲೆಗಳಾದವು. ಬೆಳಗಿನ ಗಾಡಿ ಹೋದ ಮೇಲೆ, ಹತ್ತು ಗಂಟೆಗೆ, ಆ ಮೂಲೆಯಲ್ಲಿ ಕಸದ ಗುಡ್ಡೆ ಇದೆಯೋ ಇಲ್ಲವೋ? ಇದೊಂದೇ ಪ್ರಶ್ನೆ. ಯಾರು ಬೇಕಾದರೂ ನೋಡಿ ಹೇಳಬಹುದು, ತಕ್ಕಡಿ ಬೇಡ.

ಆಯುಕ್ತರು ಅವಳ ಮಾತನ್ನೆಲ್ಲ ಕೇಳಿಸಿಕೊಂಡು ಪೆನ್ನು ಮೇಜಿಗೆ ಕುಟ್ಟಿದರು.

“ನಿಮ್ಮತ್ತೆ ವಾರ್ಡು ಕೊನೇಲಿ ಬಂತು ಅಂತ ಅಳತೆಗೋಲನ್ನೇ ಬದಲಾಯಿಸ್ಬೇಕು ಅಂತೀರಾ?”

ಅವಳ ಕಿವಿ ಬಿಸಿಯಾಯಿತು. ಆದರೂ ಎದ್ದು ಹೋಗಲಿಲ್ಲ. “ಸಾರ್, ನನ್ ಮಾತು ನಂಬೋದು ಬೇಡ. ನಾಳೆ ಹತ್ತು ಗಂಟೆಗೆ ಹಸಿರು ಗೆರೆ ವಾರ್ಡಲ್ಲೂ ಕೆಂಪು ಗೆರೆ ವಾರ್ಡಲ್ಲೂ ನೀವೇ ಒಂದು ಸುತ್ತು ನಡೆದು ಬನ್ನಿ. ಯಾರಿಗೂ ಹೇಳ್ಬೇಡಿ. ಆಮೇಲೂ ನಂದೇ ತಪ್ಪು ಅನ್ಸಿದ್ರೆ ನೋಟೀಸು ನನಗೇ ಕೊಡಿ. ನಾನೇ ಟೈಪ್ ಮಾಡ್ಕೋತೀನಿ.”

ಆಯುಕ್ತರು ಹುಬ್ಬೇರಿಸಿದರು. ಆದರೆ ಹೋದರು. ಮರುದಿನ ಹನ್ನೊಂದೂವರೆಗೆ ಅವರು ಮೆಟ್ಟಿಲು ಹತ್ತಿ ಬರುವಾಗ ಪ್ಯಾಂಟಿನ ಬಲಗಾಲು ಮೊಣಕಾಲಿನವರೆಗೆ ಕಪ್ಪಾಗಿತ್ತು. ಒಂದು ಬೂಟಿನಿಂದ ಪಚಕ್ ಪಚಕ್ ಸದ್ದು. ಹಸಿರು ಗೆರೆಯ ವಾರ್ಡಿನಲ್ಲಿ ರಸ್ತೆಯೆಂದು ಕಾಲಿಟ್ಟದ್ದು ರಸ್ತೆಯಾಗಿರಲಿಲ್ಲವಂತೆ. ಅವರು ನೇರವಾಗಿ ಬೋರ್ಡಿನ ಹತ್ತಿರ ಹೋಗಿ, ಬಟ್ಟೆಯಿಂದ ಹಸಿರು ಕೆಂಪು ಎರಡನ್ನೂ ಒರೆಸಿದರು. ಜವಾನ ಬಾಯಿ ತೆರೆದು ನೋಡುತ್ತ ನಿಂತ.

“ಒಂದು ತಿಂಗಳು ನಿಮ್ಮ ಲೆಕ್ಕ ನೋಡೋಣ,” ಎಂದು ಸೊಸೆಗೆ ಹೇಳಿದರು. “ಮೊದಲು ಒಂದು ಬಕೆಟ್ ನೀರು ತರಿಸಿ.”

ಒಂಬತ್ತು ಮೇಸ್ತ್ರಿಗಳ ಸಭೆ ಕರೆದರು. ಸೊಸೆ ನಕ್ಷೆ ತೋರಿಸಿ ವಿವರಿಸಿದಳು. ತಮ್ಮ ವಾರ್ಡನ್ನು ತಾವೇ ಎಣಿಸುವಂತಿಲ್ಲ. ಚೀಟಿ ಎತ್ತಿ, ಯಾರ ಪಾಲಿಗೆ ಯಾವ ವಾರ್ಡು ಬರುತ್ತದೋ ಆ ವಾರ್ಡಿನ ಮೂಲೆಗಳನ್ನು ಅವರು ವಾರಕ್ಕೆ ಮೂರು ದಿನ ನೋಡಿ ಬರಬೇಕು. ಮೇಸ್ತ್ರಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆ ಎದ್ದು ನಿಂತಳು.

“ನಾನೊಂದು ಕೇಳ್ಬೇಕು ಸಾರ್. ಎಣಿಸೋದು ಬಯ್ಯೋಕಾ, ಸರಿ ಮಾಡೋಕಾ? ಬಯ್ಯೋಕಾದ್ರೆ ನಾವೆಲ್ಲ ಒಬ್ಬರಿಗೊಬ್ರು ಒಳ್ಳೊಳ್ಳೆ ಅಂಕಿ ಬರ್ಕೊಡ್ತೀವಿ, ಅದೇನ್ ಕಷ್ಟ? ಸರಿ ಮಾಡೋಕಾದ್ರೆ ಒಂದು ಮಾತು. ಯಾವ ವಾರ್ಡಲ್ಲಿ ಜಾಸ್ತಿ ಗುಡ್ಡೆ ಕಾಣ್ತದೋ, ಅಲ್ಲಿಗೆ ನೋಟೀಸು ಹೋಗ್ಬಾರ್ದು. ನೀವು ಹೋಗ್ಬೇಕು.”

ಪೈಲ್ವಾನ ಎಲ್ಲರಿಗಿಂತ ಜೋರಾಗಿ ಮೇಜು ತಟ್ಟಿದ. ಆಯುಕ್ತರು ಒಂದು ಕ್ಷಣ ತಮ್ಮ ಬೂಟುಗಳನ್ನು ನೋಡಿಕೊಂಡು, “ಆಯ್ತು, ಬರ್ತೀನಿ” ಎಂದರು.

ಆ ತಿಂಗಳು ಮನೆಯಲ್ಲಿ ಹಬ್ಬದಂತಿತ್ತು. ಅತ್ತೆ ಅಡುಗೆಮನೆಯಲ್ಲಿ ಗುನುಗಿಕೊಂಡು ಓಡಾಡುತ್ತಿದ್ದಳು. ಈ ಸಲ ತನ್ನ ವಾರ್ಡೇ ಮೊದಲು ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅದಕ್ಕೇ ತಿಂಗಳ ಕೊನೆಯ ಸಂಜೆ ಸೊಸೆ ಕಾಗದ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟಳು.

“ಒಳಗೆ ಬಾರೇ. ಎಷ್ಟಾಯ್ತು ಹೇಳು.”

“ಅತ್ತೆ... ಮೊದಲು ಬಂದಿರೋದು ಎಂಟನೇ ವಾರ್ಡು.”

“ಎಂಟನೇದಾ? ಆ ಮೌನಿ ವಾರ್ಡಾ?” ಎಂಟನೇ ವಾರ್ಡಿನ ಮೇಸ್ತ್ರಿ ಸಭೆಗಳಲ್ಲಿ ತುಟಿ ಬಿಚ್ಚದ ಮನುಷ್ಯ. ಅವನ ದನಿ ಹೇಗಿದೆಯೆಂದು ಅರ್ಧ ನಗರಸಭೆಗೆ ಗೊತ್ತಿರಲಿಲ್ಲ. “ಸರಿ, ಹೋಗ್ಲಿ. ನಾನು ಎರಡನೇದು.”

“ನೀವು ನಾಲ್ಕನೇದು.”

ಗಂಡ ಮೆಲ್ಲನೆ ಎದ್ದು, ಅಂಗಡಿಗೆ ಹೋಗಿಬರುತ್ತೇನೆಂದು ಚಪ್ಪಲಿ ಹುಡುಕತೊಡಗಿದ.

“ಕೂತ್ಕೊಳೋ!” ಎಂದು ಅತ್ತೆ ಗದರಿದಳು. ಆಮೇಲೆ ಸೊಸೆಯ ಕಡೆ ತಿರುಗಿ, “ನಿನ್ ಲೆಕ್ಕ ತಪ್ಪು” ಎಂದಳು.

“ಲೆಕ್ಕ ನನ್ನದಲ್ಲ ಅತ್ತೆ, ನಿಮ್ಮ ವಾರ್ಡು ಎಣಿಸಿದ್ದು ಐದನೇ ವಾರ್ಡಿನ ಮೇಸ್ತ್ರಿ. ಉಳಿದೆಲ್ಲಾ ದಿನ ನಿಮ್ಮದು ಕನ್ನಡಿ ಥರ ಇದೆ. ಗುರುವಾರ ಮಾತ್ರ ಇಲ್ಲಿ ನೋಡಿ, ದರ್ಜಿಗಳ ಓಣೀಲಿ ನಾಲ್ಕು ಗುಡ್ಡೆ. ನಾಲ್ಕು ಗುರುವಾರವೂ.”

“ದರ್ಜಿ ಓಣಿ ನಾನೇ ನಿಂತು ಗುಡಿಸಿಸ್ತೀನಿ. ಗುಡ್ಡೆ ಎಲ್ಲಿಂದ ಬರ್ಬೇಕು?”

ಅತ್ತೆ ಊಟಕ್ಕೂ ಸರಿಯಾಗಿ ಕೂರಲಿಲ್ಲ. ಗುರುವಾರ ಬರುವವರೆಗೆ ಅವಳಿಗೆ ಸಮಾಧಾನವಿರಲಿಲ್ಲ. ಆ ದಿನ ಎಂಟು ಗಂಟೆಗೆ ಲಾರಿ ಕಳಿಸಿ, ಮಾಮೂಲಿನಂತೆ ಶಾಲೆಯ ಹಿಂದಿನ ಗುಂಡಿಗಳ ಕಡೆ ಹೋಗುವ ಬದಲು ದರ್ಜಿಗಳ ಓಣಿಯ ತುದಿಯಲ್ಲಿ ಒಂದು ಕಟ್ಟೆಯ ಮೇಲೆ ಕೂತಳು. ಒಂಬತ್ತು ಗಂಟೆಗೆ ಅಂಗಡಿಗಳ ಬಾಗಿಲು ತೆರೆದವು. ಒಂಬತ್ತೂ ಕಾಲಿಗೆ ಮೊದಲ ಅಂಗಡಿಯಿಂದ ಒಂದು ಗಂಟು ಬಟ್ಟೆ ಚೂರು ಹೊರಬಿತ್ತು. ಆಮೇಲೆ ಇನ್ನೊಂದು ಅಂಗಡಿಯಿಂದ, ಮತ್ತೊಂದರಿಂದ. ಬುಧವಾರ ಇಡೀ ಓಣಿಯವರು ವಾರದ ಬಟ್ಟೆ ಕತ್ತರಿಸುತ್ತಿದ್ದರು. ಚೂರುಗಳನ್ನೆಲ್ಲ ಗುರುವಾರ ಬೆಳಿಗ್ಗೆ ಹೊರಗೆ ಹಾಕುತ್ತಿದ್ದರು, ಲಾರಿ ಹೋಗಿ ಒಂದು ಗಂಟೆಯಾದ ಮೇಲೆ. ಇಪ್ಪತ್ತಾರು ವರ್ಷಗಳಲ್ಲಿ ಗುರುವಾರ ಒಂಬತ್ತು ಗಂಟೆಗೆ ಅತ್ತೆ ಆ ಓಣಿಯಲ್ಲಿ ನಿಂತದ್ದೇ ಇರಲಿಲ್ಲ.

ಸಂಜೆ ಅವಳು ಮನೆಗೆ ಬಂದವಳೇ ಸೊಸೆಯ ಎದುರು ಕೂತಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಕಳೆದುಹೋದ ವಸ್ತು ಸಿಕ್ಕವರ ಮುಖದಂತಿತ್ತು.

“ನಿನ್ ಲೆಕ್ಕ ಸರಿ ಕಣೆ. ನನ್ನ ಬೀದೀಲಿ ನನಗೇ ಕಾಣ್ದೇ ಇದ್ದದ್ದು ನಿನ್ನ ಕಾಗದದಲ್ಲಿ ಕಾಣ್ತು.” ಕಾಗದಕ್ಕೆ ಕೈ ಚಾಚಿ, “ಇನ್ನೇನೇನು ಕಾಣ್ತದೆ ಅದ್ರಲ್ಲಿ? ತೋರ್ಸು” ಎಂದಳು.

ಅತ್ತೆ ಸೊಸೆ ಇಬ್ಬರೂ ನೆಲದ ಮೇಲೆ ಕಾಗದ ಹರಡಿಕೊಂಡು ತಲೆಗೆ ತಲೆ ತಾಗಿಸಿ ಕೂತರು. ಅನ್ನಕ್ಕಿಟ್ಟದ್ದು ಇಬ್ಬರಿಗೂ ಮರೆತುಹೋಯಿತು. ಗಂಡ ಹೋಗಿ ಒಲೆ ಆರಿಸಿದ.

ಗುರುವಾರದ ಲಾರಿ ಒಂಬತ್ತೂವರೆಗೆ ಬರುವಂತೆ ಅತ್ತೆ ಬದಲಾಯಿಸಿದಳು. ಗುಡ್ಡೆಗಳು ಅದೇ ವಾರ ಮಾಯವಾದವು. ಅಷ್ಟಕ್ಕೆ ಸುಮ್ಮನಾಗಲಿಲ್ಲ. ಮೌನಿ ಏನು ಮಾಡುತ್ತಾನೆಂದು ನೋಡಲೇಬೇಕು ಎಂದು ಪೈಲ್ವಾನನನ್ನೂ ಹೊರಡಿಸಿಕೊಂಡು ಎಂಟನೇ ವಾರ್ಡಿಗೆ ಹೋದಳು. ಅಲ್ಲಿ ಗುಂಡಿಯೂ ಇರಲಿಲ್ಲ, ಎರಡು ಬಕೆಟ್ಟೂ ಇರಲಿಲ್ಲ. ಆದರೆ ಏಳೂ ಹತ್ತಕ್ಕೆ ಗಾಡಿ ಮೊದಲ ಬೀದಿಯ ತಿರುವಿನಲ್ಲಿತ್ತು. ಏಳೂ ಇಪ್ಪತ್ತೈದಕ್ಕೆ ಎರಡನೇ ಬೀದಿಯಲ್ಲಿ. ಒಂದು ನಿಮಿಷ ಆಚೆ ಇಲ್ಲ, ಈಚೆ ಇಲ್ಲ. ಜನ ಕಸ ಹಿಡಿದು ಬಾಗಿಲಿಗೆ ಬರುತ್ತಿದ್ದಂತೆ ಗಾಡಿ ಎದುರಿಗಿರುತ್ತಿತ್ತು. ಹಾಗಾಗಿ ಮೂಲೆಗೆ ಒಯ್ದು ಎಸೆಯುವ ಗೋಜು ಯಾರಿಗೂ ಇರಲಿಲ್ಲ.

“ಇಷ್ಟೇನಾ?” ಎಂದು ಪೈಲ್ವಾನ ಕೇಳಿದ.

“ಇಷ್ಟೇ,” ಎಂದ ಮೌನಿ. ಅವನ ದನಿ ತೆಳ್ಳಗೆ, ಇಂಪಾಗಿತ್ತು.

“ಇದನ್ನ ಸಭೇಲಿ ಹೇಳ್ಬಾರ್ದಾಗಿತ್ತಾ ಮಾರಾಯ?”

“ಯಾರೂ ಕೇಳ್ಲಿಲ್ಲ.”

ಪೈಲ್ವಾನ ರಸ್ತೆಯಲ್ಲೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ವಾರ್ಡಿನ ಪಾಡು ಅವನಿಗೇ ಅರ್ಥವಾಗಿತ್ತು. ದಿನಾ ಬೆಳಿಗ್ಗೆ ಎರಡು ಗಂಟೆ ಮಣ್ಣು ಗಾರೆ ಹುಡುಕುವುದರಲ್ಲೇ ಕಳೆದು, ಲಾರಿ ಯಾವ ಬೀದಿಗೆ ಯಾವಾಗ ಬರುತ್ತದೆಂದು ದೇವರಿಗೂ ಗೊತ್ತಾಗದಂತೆ ಮಾಡಿಟ್ಟಿದ್ದ. ಮುಂದಿನ ವಾರ ಅವನು ತನ್ನ ಬೀದಿಗಳ ಸಮಯವನ್ನು ರಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿ ಕಂಬಕಂಬಕ್ಕೂ ಕಟ್ಟಿದ. ಅದನ್ನು ಕಂಡು ಉಳಿದ ಮೇಸ್ತ್ರಿಗಳೂ ಕಟ್ಟಿದರು. ಮಾತು ಕೊಟ್ಟಂತೆ ಆಯುಕ್ತರು ಹಳೇ ಬೂಟು ಹಾಕಿಕೊಂಡು, ಗುಡ್ಡೆ ಜಾಸ್ತಿಯಿದ್ದ ವಾರ್ಡಿಗೆಲ್ಲ ಹೋಗಿ, “ಏನು ಬೇಕು?” ಎಂದು ಕೇಳಿ ಬರೆದುಕೊಂಡು ಬಂದರು. ಮೊದಲ ತಿಂಗಳು ನೂರಾ ಹದಿನೇಳು ಮೂಲೆಗಳಲ್ಲಿ ಗುಡ್ಡೆಯಿದ್ದವು ಅರವತ್ತೆಂಟು. ಮೂರನೆಯ ತಿಂಗಳಿಗೆ ಅದು ಇಪ್ಪತ್ತೊಂದಕ್ಕೆ ಇಳಿಯಿತು. ದೂರಿನ ಪುಸ್ತಕದಲ್ಲಿ ಒಂದು ಪುಟ ತುಂಬಲು ಎರಡು ವಾರ ಹಿಡಿಯಿತು. ಕೌಂಟರಿನ ಗುಮಾಸ್ತ, ಇದೇನು ಊರು ಖಾಲಿಯಾಯಿತೇ ಎಂದು ವಿಚಾರಿಸಿದ.

ಆ ತಿಂಗಳ ಸಭೆಗೆ ಮೇಸ್ತ್ರಿಗಳೆಲ್ಲ ಹತ್ತು ನಿಮಿಷ ಮೊದಲೇ ಬಂದಿದ್ದರು. ಕುರ್ಚಿ ಸಾಲದೆ ಇಬ್ಬರು ಕಿಟಕಿಯ ಮೇಲೆ ಕೂತಿದ್ದರು. ಆಯುಕ್ತರು ಬಹಳ ಖುಷಿಯಲ್ಲಿದ್ದರು.

“ಇನ್ಮುಂದೆ ಏನನ್ನ ಎಣಿಸೋಣ? ನೀವೇ ಹೇಳಿ.”

ಅತ್ತೆ ಸೆರಗು ಸರಿಮಾಡಿಕೊಂಡು ಎದ್ದಳು.

“ನಿಮ್ಮನ್ನ ಎಣಿಸೋಣ ಸಾರ್.”

ಸೊಸೆ ಥಟ್ಟನೆ ತಲೆಯೆತ್ತಿ ಅತ್ತೆಯನ್ನು ನೋಡಿದಳು. ಮನೆಯಲ್ಲಿ ಈ ಬಗ್ಗೆ ಅವಳು ಉಸಿರೆತ್ತಿರಲಿಲ್ಲ.

“ಸಿಟ್ಟು ಮಾಡ್ಕೋಬೇಡಿ. ನಮ್ಮ ಬೀದಿ ನೀವು ನೋಡಿದ್ರಿ, ನಮ್ಮ ಗುಡ್ಡೆ ನೀವು ಎಣಿಸಿದ್ರಿ. ಒಳ್ಳೇದೇ ಆಯ್ತು. ಆದ್ರೆ ನಮ್ಮ ತಳ್ಳುಗಾಡಿ ಚಕ್ರ ಮುರಿದ್ರೆ ನಾವು ಆಫೀಸಿಗೆ ಬರ್ಕೊಡ್ತೀವಿ. ಆ ಗಾಡಿ ಎಷ್ಟು ದಿನಕ್ಕೆ ರಿಪೇರಿಯಾಗಿ ಬರ್ತದೆ ಅಂತ ಯಾರೂ ಎಣಿಸಿಲ್ಲ. ಮುರುಕು ಗಾಡೀನ ಹುಡುಗೀರು ಎತ್ಕೊಂಡೇ ನಡೀತಾರೆ. ಅದೂ ಬೋರ್ಡಿನ ಮೇಲೆ ಬರ್ಲಿ.”

ಆಯುಕ್ತರು ಸೊಸೆಯ ಕಡೆ ತಿರುಗಿದರು. “ಸಿಗ್ತದಾ ಆ ಲೆಕ್ಕ?”

“ಹುಡುಕಿದ್ರೆ ಸಿಗ್ತದೆ ಸಾರ್.”

ಒಂದು ವಾರ ಅವಳು ಹಳೆಯ ಅರ್ಜಿಗಳನ್ನೂ ವರ್ಕ್‌ಶಾಪಿನ ಪುಸ್ತಕವನ್ನೂ ಎದುರುಬದುರು ಇಟ್ಟುಕೊಂಡು ತಾರೀಖು ಹೊಂದಿಸಿದಳು. ಐವತ್ತಮೂರು ಗಾಡಿಗಳು. ಸರಾಸರಿ ನಲವತ್ತೊಂದು ದಿನ. ಆ ಅಂಕಿಯನ್ನು ಅವಳು ಆಯುಕ್ತರ ಮುಂದಿಟ್ಟಾಗ ಅವರು ಎರಡು ಸಲ ಓದಿದರು. ಅವರ ಮುಖ ಕೆಂಪಾಯಿತು. ಆಮೇಲೆ ಇದ್ದಕ್ಕಿದ್ದಂತೆ ನಗತೊಡಗಿದರು, ಕಣ್ಣಲ್ಲಿ ನೀರು ಬರುವವರೆಗೆ.

“ನಾನು ಒಬ್ಬೊಬ್ರಿಗೂ ಏಳು ದಿನದಲ್ಲಿ ವಿವರಣೆ ಕೊಡಿ ಅಂತ ನೋಟೀಸು ಕಳಿಸ್ತಿದ್ದೆ! ಬರೀರಿ. ಬೋರ್ಡಿನ ಮೇಲ್ಗಡೆ, ದೊಡ್ಡದಾಗಿ. ‘ಕಚೇರಿ: ನಲವತ್ತೊಂದು ದಿನ’ ಅಂತ.”

ಬೋರ್ಡಿನ ಮುಂದೆ ಆ ದಿನ ಜಾತ್ರೆಯಂತೆ ಜನ ಸೇರಿತು. ಆಯುಕ್ತರು ವರ್ಕ್‌ಶಾಪಿಗೇ ಹೋಗಿ ಮೆಕ್ಯಾನಿಕ್‌ನನ್ನು ಕೇಳಿದರು. ಎಣ್ಣೆ ಕೈ ಒರೆಸಿಕೊಂಡು ಅವನೆಂದ, “ಸಾರ್, ಚಕ್ರ ಹಾಕೋಕೆ ನನಗೆ ಅರ್ಧ ಗಂಟೆ ಸಾಕು. ಉಳಿದ ನಲವತ್ತು ದಿನ ಕಾಗದ ಐದು ಮೇಜು ಸುತ್ತಿ ಬರ್ತದೆ.” ಐದನೆಯ ಮೇಜು ಆಯುಕ್ತರದ್ದೇ. ಆ ಸಂಜೆಯೇ ಐದು ಸಹಿಗಳ ಬದಲು ಒಂದು ಸಾಕೆಂದು ಆದೇಶ ಹೊರಟಿತು. ಅದನ್ನು ಟೈಪ್ ಮಾಡುವಾಗ ಸೊಸೆಯ ಬೆರಳು ಒಂದೂ ಅಕ್ಷರ ತಪ್ಪಲಿಲ್ಲ. ಮುಂದಿನ ತಿಂಗಳು ಬೋರ್ಡಿನ ಮೇಲೆ ಹನ್ನೆರಡು ದಿನ, ಅದರ ಮುಂದಿನ ತಿಂಗಳು ನಾಲ್ಕು.

ಬಾಕಿ ಉಳಿದಿದ್ದ ಕೊನೆಯ ಆರು ಗಾಡಿಗಳು ರಿಪೇರಿಯಾದ ದಿನ, ಅವನ್ನು ಒಯ್ಯಲು ಅತ್ತೆ ತನ್ನ ತಂಡದ ಹೆಂಗಸರೊಂದಿಗೆ ನಗರಸಭೆಯ ಅಂಗಳಕ್ಕೆ ಬಂದಳು. ಹೊಸ ಟೈರು, ಹೊಸ ಹಿಡಿಕೆ, ನೀಲಿ ಬಣ್ಣ ಇನ್ನೂ ಕೈಗೆ ಅಂಟುತ್ತಿತ್ತು. ಒಬ್ಬಳು ಗಾಡಿಯನ್ನು ಒಂದು ಬೆರಳಿನಿಂದ ನೂಕಿದಳು. ಅದು ಸರಾಗವಾಗಿ ಉರುಳಿಕೊಂಡು ಅಂಗಳದ ಆಚೆ ಗೋಡೆಯವರೆಗೆ ಹೋಯಿತು. ಎಲ್ಲರೂ ಓ ಎಂದು ಕೂಗಿದರು. ಎರಡನೆಯವಳು ತನ್ನದನ್ನು ನೂಕಿಕೊಂಡು ಓಡಿದಳು, ಮೂರನೆಯವಳು ಅವಳನ್ನು ಹಿಂದೆ ಹಾಕಿದಳು. ಐವತ್ತು ದಾಟಿದ ಹೆಂಗಸರೆಲ್ಲ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಳದ ತುಂಬ ಗಾಡಿ ಓಡಿಸತೊಡಗಿದರು. ಮಹಡಿಯ ಕಿಟಕಿಗಳಲ್ಲಿ ಗುಮಾಸ್ತರ ತಲೆಗಳು ಕಾಣಿಸಿಕೊಂಡವು. ನಡುವಿನ ಕಿಟಕಿಯಲ್ಲಿ ಆಯುಕ್ತರೂ ಇದ್ದರು. ಯಾರೂ ಬೇಡವೆನ್ನಲಿಲ್ಲ.

ಸೊಸೆ ಮೆಟ್ಟಿಲಿಳಿದು ಓಡಿಬರುವಷ್ಟರಲ್ಲಿ, ಕಚೇರಿ ಕೆಲಸಕ್ಕೆ ಬಂದಿದ್ದ ಪೈಲ್ವಾನ ಒಂದು ಗಾಡಿಯನ್ನು ಹಿಡಿದು ನಿಂತಿದ್ದ. “ಹತ್ತಿ ದೊಡ್ಡಮ್ಮ, ಒಂದು ಸುತ್ತು!”

“ಥೂ, ನನ್ ವಯಸ್ಸೇನು, ನಿನ್ ಮಾತೇನು,” ಎನ್ನುತ್ತಲೇ ಅತ್ತೆ ಹತ್ತಿ ಕೂತಳು. ಪೈಲ್ವಾನ ನೂಕಿದ ರಭಸಕ್ಕೆ “ಅಯ್ಯಯ್ಯೋ, ನಿಲ್ಸೋ!” ಎಂದು ಕೂಗಿದಳು. ಗಾಡಿ ನಿಧಾನಿಸಿದ ಕೂಡಲೇ “ಯಾಕೋ ನಿಲ್ಲಿಸ್ದೆ?” ಎಂದು ಬೈದಳು. ನಕ್ಕು ನಕ್ಕು ಅವಳ ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಸೊಸೆ ಅದನ್ನು ತೆಗೆದು, ತನ್ನ ದುಪಟ್ಟಾದಲ್ಲಿ ಒರೆಸಿ, ಮತ್ತೆ ಅತ್ತೆಯ ಕಿವಿಗೆ ಏರಿಸಿದಳು.

“ನೀನೂ ಹತ್ತೇ,” ಎಂದು ಅತ್ತೆ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಸೊಸೆ ಮೇಲಿನ ಕಿಟಕಿಯ ಕಡೆ ಒಮ್ಮೆ ನೋಡಿ, ಹತ್ತಿ ಕೂತಳು.